ಪರಭಾಷಾಬೋಧನೆಯಲ್ಲಿ ಕ್ರೀಡೆಯ ಪ್ರಾಮಾಣ್ಯವಿಚಾರ

ಪರಭಾಷೆಯನ್ನು ಕಲಿಸುವಲ್ಲಿ ಆಟಕ್ಕೆ ಸ್ಥಾನವುಂಟೇ ಎಂಬ ಪ್ರಶ್ನೆಗೆ ಎರಡು ಪಕ್ಷದವರು ಎರಡು ಬಗೆಯ ಉತ್ತರವನ್ನು ಕೊಡುತ್ತಿರುವರು. ಪಾಠಶಾಲೆಯ ಸಂಪ್ರದಾಯದಲ್ಲಿ ಬೆಳೆದವರು, ಶಬ್ದರೂಪ ಧಾತುರೂಪಗಳನ್ನು ಕಂಠಸ್ಥ ಮಾಡದೆ ಭಾಷೆಯು ಬಂದೀತೆಂಬುದು ಭ್ರಾಂತಿಯೆಂದೂ, ಆಟವು ಅನಧ್ಯಯನದ ದಿವಸಕ್ಕೆ ಮಾತ್ರ ತಕ್ಕುದೆಂದೂ ಹೇಳುವರು. ನವೀನ ಶಿಕ್ಷಣಶಾಸ್ತ್ರವನ್ನು ಓದಿದವರು, ಕಂಠಪಾಠವು ಬಾಲಕರ ಬುದ್ಧಿಯನ್ನು ಜಡಗೊಳಿಸುವುದೆಂದೂ, ಆಟವೇ ಸಹಜವಾದ ಗುರುವೆಂದೂ, ಈ ತತ್ತ್ವವು ಪಶ್ಚಿಮದಿಂದ ಈಚೆಗೆ ನಮಗೆ ಬಂದ ಲಾಭವೆಂದೂ ಪ್ರತಿಪಾದಿಸುವರು. ಈ ಎರಡು ಮತಗಳೂ ಒಂದೇ ದೋಷದಿಂದ ಕೂಡಿವೆ. ಆಟಗಳೆಲ್ಲವೂ ಒಂದೇ ಜಾತಿಯವೆಂದು ಎರಡೂ ಪಕ್ಷದವರು ಭಾವಿಸಿರುವರು. ಯಾವ ಆಟದಲ್ಲಿ ಗೆಲವಿನ ಕೀಲಿಕೈಯು ಭಾಷೆಯೇ ಆಗಿರುವುದೋ ಅದು ಬೇರೆ. ಯಾವುದರಲ್ಲಿ ಭಾಷೆಯು ಮೇಲುಹೊದಿಕೆ ಮಾತ್ರವೋ ಅದು ಬೇರೆ. ಈ ವಿವೇಕವನ್ನು ಮಾಡದೆ ನಡೆಯುವ ಖಂಡನಮಂಡನಗಳಿಂದ ತತ್ತ್ವನಿರ್ಣಯವಾಗಲಾರದು.

ಮೊದಲನೆಯದಾಗಿ, ಕ್ರೀಡಾವಿಧಿಯು ಈ ದೇಶಕ್ಕೆ ಹೊಸತೆಂಬ ಮಾತನ್ನು ಪರೀಕ್ಷಿಸತಕ್ಕದ್ದು. ವಾತ್ಸ್ಯಾಯನನು ಎಣಿಸಿರುವ ಅರುವತ್ತನಾಲ್ಕು ಕಲೆಗಳಲ್ಲಿ ಪ್ರಹೇಲಿಕೆ, ಪ್ರತಿಮಾಲೆ, ದುರ್ವಾಚಕಯೋಗ, ಕಾವ್ಯಸಮಸ್ಯಾಪೂರಣ, ಅಕ್ಷರಮುಷ್ಟಿಕಾಕಥನ ಎಂಬಿವು ಬಂದಿವೆ. ದೇಶಭಾಷಾವಿಜ್ಞಾನವೂ ಅದೇ ಪಟ್ಟಿಯಲ್ಲಿದೆ. ಪ್ರತಿಮಾಲೆಯೆಂದರೆ ಲೋಕದಲ್ಲಿ ಅಂತ್ಯಾಕ್ಷರಿಯೆಂದು ಹೆಸರಾದ ಆಟವೇ ಎಂದು ಜಯಮಂಗಲಾವ್ಯಾಖ್ಯಾನಕಾರನು ತಿಳಿಸುತ್ತಾನೆ. ದುರ್ವಾಚಕಯೋಗವು ನಾಲಗೆ ತೊಡರುವಂತೆ ಜೋಡಿಸಿದ ಮಾತು. ತರೀಕೆರೆಯ ಏರಿಯ ಮೇಲಿನ ಕುರಿಮರಿಗಳನ್ನು ತಡವರಿಸದೆ ಹೇಳಲು ಹೆಣಗದ ಕನ್ನಡದ ಹುಡುಗನು ಯಾವನಿರುವನು? ಪಾಶ್ಚಾತ್ಯರಲ್ಲಿ ಕೊಮೆನಿಯಸ್ ಎಂಬ ಪಂಡಿತನು ಲ್ಯಾಟಿನ್ ಭಾಷೆಯ ಪಾಠಗಳನ್ನು ನಾಟಕರೂಪಕ್ಕೆ ತಂದು ಹುಡುಗರಿಂದ ಆಡಿಸಿದ ಗ್ರಂಥವು 1656ರಲ್ಲಿ ಅಚ್ಚಾಯಿತು. ಅದು ಶ್ಲಾಘ್ಯವಾದ ಕಾರ್ಯವೇ. ಆದರೆ ಭಾಷಾಕ್ರೀಡೆಯ ಲಕ್ಷಣವನ್ನು ಶಾಸ್ತ್ರವಾಗಿ ವಿಂಗಡಿಸಿದ ಕೀರ್ತಿಯು ಅದಕ್ಕೂ ಬಹುಶತಮಾನಗಳ ಹಿಂದಿನ ದಂಡಿಗೆ ಸಲ್ಲುವುದು.

ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ದಂಡಿಯು ಹದಿನಾರು ಬಗೆಯ ಪ್ರಹೇಲಿಕೆಗಳನ್ನು ಹೇಳಿರುವನು. ಆಲಂಕಾರಿಕರು ಈ ಭಾಗವನ್ನು ಕಾವ್ಯದ ಅಂಚಿನ ವಿನೋದವೆಂದು ದಾಟಿಹೋಗುವುದು ರೂಢಿ. ಭಾಷೆಯನ್ನು ಕಲಿಯುವವನ ದೃಷ್ಟಿಯಿಂದ ನೋಡಿದರೆ ಅದರ ಬೆಲೆಯೇ ಬೇರೆಯಾಗುತ್ತದೆ. ಮೊದಲನೆಯದಾದ ಸಮಾಗತೆಯಲ್ಲಿ ಅರ್ಥವು ಪದಗಳ ಸಂಧಿಯಿಂದ ಮರೆಯಾಗಿರುವುದು. ವ್ಯುತ್ಕ್ರಾಂತೆಯಲ್ಲಿ ಅನ್ವಯಿಸಬೇಕಾದ ಪದಗಳು ದೂರದೂರ ಬಿದ್ದು ತೊಡಕುಂಟಾಗುವುದು. ವಂಚಿತೆಯಲ್ಲಿ ಒಂದು ಅರ್ಥದಲ್ಲಿ ರೂಢವಾದ ಶಬ್ದವು ಇನ್ನೊಂದು ಅರ್ಥಕ್ಕೆ ಬಂದು ಕೇಳುವವನನ್ನು ಮೋಸಗೊಳಿಸುವುದು. ಸಮಾನಶಬ್ದೆಯಲ್ಲಿ ಪರ್ಯಾಯಪದಗಳಿಂದ ಹೆಸರನ್ನು ಹುಡುಕಬೇಕಾಗುವುದು. ಸಂಧಿ, ಅನ್ವಯ, ರೂಢಿ, ಪರ್ಯಾಯ ಎಂಬ ಇವು ಪರಭಾಷೆಯನ್ನು ಕಲಿಯುವವನು ಎಡವುವ ಸ್ಥಳಗಳೇ ಅಲ್ಲವೆ? ಬಲ್ಲವನಿಗೆ ಕೃತಕವಾಗಿ ಒಡ್ಡಿದ ತೊಡಕುಗಳು ಕಲಿಯುವವನಿಗೆ ಸಹಜವಾಗಿಯೇ ಒದಗುತ್ತವೆ. ಆದುದರಿಂದ ದಂಡಿಯ ಈ ಪಟ್ಟಿಯು ಗೋಷ್ಠಿಯ ವಿನೋದಕ್ಕೆ ಹುಟ್ಟಿದುದಾದರೂ, ಭಾಷಾಶಿಕ್ಷಕನಿಗೆ ದೋಷಸ್ಥಾನಗಳ ನಕ್ಷೆಯಾಗಿ ಪರಿಣಮಿಸಬಲ್ಲುದು.

ಇದಕ್ಕೆ ಕಥಾಸರಿತ್ಸಾಗರದ ಸಾತವಾಹನನ ಕಥೆಯೇ ಸಾಕ್ಷಿ. ಜಲಕ್ರೀಡೆಯಲ್ಲಿ ಬಳಲಿದ ರಾಣಿಯು ನೀರೆರಚಬೇಡವೆಂದು ಸಂಸ್ಕೃತದಲ್ಲಿ ಹೇಳಿದಳು. ನಿಷೇಧಾರ್ಥದ ಅವ್ಯಯವೂ ನೀರೆಂಬ ಅರ್ಥದ ಶಬ್ದವೂ ಸಂಧಿಯಲ್ಲಿ ಬೆರೆತು ಅರಸನ ಕಿವಿಗೆ ‘ಮೋದಕ’ವಾಗಿ ಕೇಳಿಸಿತು. ಆತನು ಕಡುಬುಗಳನ್ನು ತರಿಸಿದನು, ರಾಣಿಯು ನಕ್ಕಳು. ಲಜ್ಜೆಯಿಂದ ಕುಗ್ಗಿದ ಅರಸನು ಮಾತು ಬಿಟ್ಟು ಮಲಗಿದನು. ಹನ್ನೆರಡು ವರ್ಷದ ವ್ಯಾಕರಣವನ್ನು ಆರು ವರ್ಷದಲ್ಲಿ ಕಲಿಸುವೆನೆಂದು ಗುಣಾಢ್ಯನೂ, ಆರೇ ತಿಂಗಳಲ್ಲಿ ಕಲಿಸುವೆನೆಂದು ಶರ್ವವರ್ಮನೂ ಪಂತಗಟ್ಟಿದರು. ಶರ್ವವರ್ಮನು ಕುಮಾರಸ್ವಾಮಿಯ ಅನುಗ್ರಹದಿಂದ ಪಡೆದು ಕಲಿಸಿದ ಸಂಕ್ಷಿಪ್ತವ್ಯಾಕರಣವೇ ಕಾತಂತ್ರವು, ಅಂದರೆ ಕೌಮಾರವು. ಈ ಕಥೆಯನ್ನು ವ್ಯಾಕರಣದ ಮಹಿಮೆಗೆ ಉದಾಹರಿಸುವವರು ಅದರ ಪೂರ್ವಾರ್ಧವನ್ನು ಗಮನಿಸುವುದಿಲ್ಲ. ರಾಣಿಯ ಮಾತು ಅವಳಿಗೆ ತಿಳಿಯದೆಯೇ ಒಂದು ಸಮಾಗತಾಪ್ರಹೇಲಿಕೆಯಾಯಿತು. ಅರಸನ ಅಜ್ಞಾನವು ಸಂಧಿಪ್ರಕರಣದಲ್ಲಿದೆಯೆಂಬುದನ್ನು ಯಾವ ಪರೀಕ್ಷೆಯೂ ತೋರಿಸಿಕೊಡಲಿಲ್ಲ, ಕ್ರೀಡೆಯು ತೋರಿಸಿತು. ಆದರೆ ಆ ಕೊರತೆಯನ್ನು ತುಂಬಿದುದು ಕ್ರೀಡೆಯಲ್ಲ, ಆರು ತಿಂಗಳ ಪಾಠವು. ರೋಗವನ್ನು ತೋರಿಸುವುದು ಬೇರೆ, ಔಷಧವನ್ನು ಕೊಡುವುದು ಬೇರೆ; ಕಥೆಯಲ್ಲಿ ಈ ಎರಡರ ಪೌರ್ವಾಪರ್ಯವು ಸ್ಫುಟವಾಗಿದೆ.

ಈ ಕೌಮಾರವ್ಯಾಕರಣವು ಕನ್ನಡನಾಡಿಗೆ ದೂರದ ವಸ್ತುವಲ್ಲ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನದಲ್ಲಿ ಅಲ್ಲಿ ಪಾಠವಾಗುತ್ತಿದ್ದ ವ್ಯಾಕರಣಗಳನ್ನು ಹೇಳುವಾಗ ಪಾಣಿನೀಯ ಶಾಕಟಾಯನಗಳೊಡನೆ ಕೌಮಾರದ ಹೆಸರೂ ಬಂದಿದೆ. ಕಾವ್ಯನಾಟಕಗಳ ಪಾಠವೂ ಉಕ್ತವಾಗಿದೆ. ಬಳ್ಳಿಗಾವೆಯಿರುವ ಶಿಕಾರಿಪುರ ತಾಲೂಕಿನ ಎಲ್ಲೆಯನ್ನು ದಾಟಿದರೆ ಹಿರೇಕೆರೂರು ತಾಲೂಕು. ಅದರ ಆಚೆಗೆ ಹಾನಗಲ್ಲು, ಶಿಗ್ಗಾಂವಿ, ಸವಣೂರುಗಳು. 1997ರಲ್ಲಿ ರಚಿತವಾದ ಹಾವೇರಿ ಜಿಲ್ಲೆಗೆ ಸೇರಿದ ಈ ನಾಲ್ಕು ತಾಲೂಕುಗಳಲ್ಲಿ ಪರಭಾಷಾಭ್ಯಾಸವು ಒಂದು ಕಾಲದ ಪ್ರಸಂಗವಲ್ಲ, ಬಹುಕಾಲದ ಅನುಭವ. ಶ್ರೀ ಸತ್ಯಬೋಧತೀರ್ಥರ ವೃಂದಾವನವಿರುವ ಸವಣೂರಿನಲ್ಲಿಯೇ 1948ರವರೆಗೆ ನವಾಬರ ಸಂಸ್ಥಾನವೂ ಇದ್ದಿತು. ಸಂಸ್ಕೃತ, ಉರ್ದು, ಕನ್ನಡಗಳು ಒಂದೇ ಪೇಟೆಯಲ್ಲಿ ಕೇಳಿಬರುತ್ತಿದ್ದುವು. ಮುಂಬಯಿ ಆಧಿಪತ್ಯದ ಧಾರವಾಡ ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಭಾಗದಲ್ಲಿ ಕನ್ನಡದ ಮಕ್ಕಳಿಗೆ ಮರಾಠಿಯಲ್ಲಿ ಪಾಠವಾಗುತ್ತಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಪರಿಶ್ರಮದ ಮಹತ್ತ್ವವು ಇದನ್ನು ನೆನೆದರೆ ತಿಳಿದೀತು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದಲ್ಲದೆ, ಮನೆಯಲ್ಲಿ ಸಂಸ್ಕೃತದ ಗಂಧವಿಲ್ಲದ ವಟುಗಳಿಗೂ ಆ ಭಾಷೆಯ ಬಾಗಿಲನ್ನು ತೆರೆದರು. 2007ರಿಂದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲಿ ಒಂದನೆಯ ಇಯತ್ತೆಯಲ್ಲಿಯೇ ಇಂಗ್ಲಿಷು ಒಂದು ಪಾಠವಾಗಿ ಬಂದಿದೆ.

ಇದೇ ನೆಲದಲ್ಲಿ ಗೂಢೋಕ್ತಿಯ ಪರಂಪರೆಯೂ ಬೆಳೆದು ಬಂದಿರುವುದು ಗಮನಾರ್ಹವಾಗಿದೆ. ಮುಂಡಿಗೆಗಳನ್ನು ರಚಿಸಿದ ಕನಕದಾಸರ ಜನ್ಮಸ್ಥಳವಾದ ಬಾಡವು ಶಿಗ್ಗಾಂವಿ ತಾಲೂಕಿನಲ್ಲಿದೆ. ಬೆಡಗಿನ ಪದಗಳ ಶಿಶುನಾಳ ಶರೀಫರ (1819–1889) ಊರೂ ಅದೇ ತಾಲೂಕಿಗೆ ಸೇರಿದುದು. ಅವರು ಕೆಲಕಾಲ ಶಾಲಾಶಿಕ್ಷಕರಾಗಿದ್ದರೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ತ್ರಿಪದಿಯಲ್ಲಿ ಒಗಟುಗಳನ್ನು ಕಟ್ಟಿದ ಸರ್ವಜ್ಞನ ಜನ್ಮಸ್ಥಳದ ವಿಷಯದಲ್ಲಿ ವಿವಾದವಿದ್ದರೂ, ಐತಿಹ್ಯವು ಅವನ ಹೆಸರನ್ನು ಹಿರೇಕೆರೂರು ಸೀಮೆಯ ಅಬಲೂರಿನೊಡನೆ ಕೂಡಿಸುತ್ತದೆ. ಇವರಾರೂ ಭಾಷೆಯನ್ನು ಕಲಿಸುವುದಕ್ಕಾಗಿ ಬರೆದವರಲ್ಲ. ಮುಂಡಿಗೆಯ ಗುರಿಯು ತತ್ತ್ವ, ಪದಜ್ಞಾನವಲ್ಲ. ಅವುಗಳನ್ನು ಶಾಲೆಯ ಉಪಕರಣಗಳೆಂದು ಹೊಗಳುವುದು ಅನುಚಿತ. ಆದರೆ ಅವುಗಳಿಂದ ಒಂದು ಸಂಗತಿಯು ಸಿದ್ಧವಾಗುತ್ತದೆ. ಅಕ್ಷರ ಬಾರದ ಕೇಳುಗನೂ ಮಾತಿನ ಗಂಟನ್ನು ಬಿಡಿಸುವುದರಲ್ಲಿ ಸುಖಪಡುವನು. ಗಂಟು ಬಿಗಿಯಾಗಿದ್ದಷ್ಟೂ ಆ ಸುಖವು ಹೆಚ್ಚುವುದು. ಮಕ್ಕಳಿಗೆ ಆಟವೆಂದರೆ ಸುಲಭವಾದುದೇ ಆಗಬೇಕೆಂಬ ಇಂದಿನ ಕಲ್ಪನೆಯು ಈ ಅನುಭವಕ್ಕೆ ವಿರುದ್ಧವಾಗಿದೆ.

ಈಗ ಆಧುನಿಕಪಕ್ಷದ ಪರಾಮರ್ಶಕ್ಕೆ ಬರಬಹುದು. ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು, 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರೆಂಬುದೂ, ಕನ್ನಡದ ಸ್ಥಾನವನ್ನು ನಿರ್ಣಯಿಸಿದ 1981ರ ವರದಿಯ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರೆಂಬುದೂ ಪ್ರಸಿದ್ಧ. ಪರಭಾಷೆಯನ್ನು ಚೆನ್ನಾಗಿ ಕಲಿಸಬೇಕೆಂಬುದಕ್ಕೂ ಸ್ವಭಾಷೆಯೇ ಮೊದಲೆಂಬುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಅವರ ಜೀವನವೇ ನಿದರ್ಶನ. ಆ ಕಾಲದಲ್ಲಿ ಪ್ರಚಾರದಲ್ಲಿದ್ದ ಕ್ರಮವು ವಾಕ್ಯರಚನೆಯ ಮಾದರಿಗಳನ್ನು ಸುಲಭದಿಂದ ಕಠಿನಕ್ಕೆ ಜೋಡಿಸಿ ಮೇಲಿಂದ ಮೇಲೆ ಹೇಳಿಸುವುದು. ಶಬ್ದರೂಪದ ಸ್ಥಾನಕ್ಕೆ ವಾಕ್ಯರೂಪವು ಬಂದಿತು; ಕಂಠಪಾಠವು ಮಾತ್ರ ಹೋಗಲಿಲ್ಲ.

ಇದರಿಂದ ಅತೃಪ್ತರಾದ ಎನ್. ಎಸ್. ಪ್ರಭು ಅವರು ಬೆಂಗಳೂರು ಮದರಾಸುಗಳೇ ಮೊದಲಾದ ಕಡೆಯ ಶಾಲೆಗಳಲ್ಲಿ 1979ರಿಂದ 1984ರವರೆಗೆ ನಡೆಯಿಸಿದ ಪ್ರಯೋಗವು ಬೆಂಗಳೂರು ಯೋಜನೆಯೆಂದು ಜಗತ್ತಿನ ಭಾಷಾಶಿಕ್ಷಕರಲ್ಲೆಲ್ಲ ಹೆಸರಾಗಿದೆ. ಅದರ ವಿವರಣೆಯು 1987ರಲ್ಲಿ ಗ್ರಂಥರೂಪವಾಗಿ ಬಂದಿತು. ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ಭಾಷೆಯ ರೂಪವು ಅರಿವಿಲ್ಲದೆ ನೆಲೆಗೊಳ್ಳುವುದೆಂಬುದು ಅವರ ಮತ. ಆದುದರಿಂದ ವ್ಯಾಕರಣದ ಪಾಠಕ್ರಮವನ್ನೇ ಬಿಟ್ಟು, ರೈಲುಗಾಡಿಯ ವೇಳಾಪಟ್ಟಿಯನ್ನು ನೋಡಿ ಯಾವ ಗಾಡಿಯಿಂದ ಹೋದರೆ ವೇಳೆಗೆ ಸರಿಯಾಗಿ ತಲಪಬಹುದು, ನಕ್ಷೆಯಲ್ಲಿ ಯಾವ ದಾರಿಯು ಹತ್ತಿರ ಎಂಬಂಥ ಕಾರ್ಯಗಳನ್ನು ಇಂಗ್ಲಿಷಿನಲ್ಲಿ ಒಡ್ಡಿದರು. ಮೊದಲು ಗುರುವೂ ತರಗತಿಯೂ ಕೂಡಿ ಒಂದು ಸಮಸ್ಯೆಯನ್ನು ಬಿಡಿಸುವುದು, ಅನಂತರ ಅದೇ ಜಾತಿಯ ಇನ್ನೊಂದನ್ನು ವಿದ್ಯಾರ್ಥಿಯು ತಾನೇ ಬಿಡಿಸುವುದು. ಇಂಥ ಕಾರ್ಯಗಳನ್ನು ಅವರು ಮೂರಾಗಿ ವಿಭಾಗಿಸಿದರು: ಒಬ್ಬನಿಗೆ ಗೊತ್ತಿರುವುದನ್ನು ಇನ್ನೊಬ್ಬನು ಕೇಳಿ ತಿಳಿಯುವುದು, ಗೊತ್ತಿರುವುದರಿಂದ ಗೊತ್ತಿಲ್ಲದುದನ್ನು ಊಹಿಸುವುದು, ತನ್ನ ಅಭಿಪ್ರಾಯವನ್ನು ಹೇಳುವುದು. ಇವುಗಳಲ್ಲಿ ಎರಡನೆಯದೇ ಉತ್ತಮವೆಂದು ಅವರು ನಿರ್ಣಯಿಸಿದರು. ಕುಣಿತ, ವೇಷ, ಗುಂಪುಗೂಡಿಸುವಿಕೆಗಳಿಗೆ ಅವರು ವಿಶೇಷ ಮನ್ನಣೆ ಕೊಡಲಿಲ್ಲ. ಊಹೆಯಿಂದ ಗಂಟನ್ನು ಬಿಡಿಸುವುದೇ ಶ್ರೇಷ್ಠವೆಂಬ ಈ ನಿರ್ಣಯವು ಒಗಟಿನ ತತ್ತ್ವವಲ್ಲದೆ ಬೇರೆಯಲ್ಲ. ನಮ್ಮ ಗೂಢೋಕ್ತಿಪರಂಪರೆಗೂ ಆ ಯೋಜನೆಗೂ ಕಾರ್ಯಕಾರಣಭಾವವಿದೆಯೆಂದು ಸಾಧಿಸುವುದು ಸಾಹಸವಾದೀತು. ತತ್ತ್ವದ ಸಾಮ್ಯವು ಮಾತ್ರ ಅಲ್ಲಗಳೆಯಲಾಗದುದು.

ಆದರೂ ಪ್ರಭು ಅವರ ಮತವು ನಿರ್ದುಷ್ಟವೆನ್ನಲಾಗದು. ಸಾತವಾಹನನ ಕಥೆಯ ಪೂರ್ವಾರ್ಧವನ್ನು ಅವರು ಹಿಡಿದರು, ಉತ್ತರಾರ್ಧವನ್ನು ಬಿಟ್ಟರು. ವೇಳಾಪಟ್ಟಿಯ ಗಂಟನ್ನು ಬಿಡಿಸುವಾಗ ಹುಡುಗನು ಸಂಖ್ಯೆಯಿಂದಲೂ ಯುಕ್ತಿಯಿಂದಲೂ ದಾರಿ ಕಂಡುಕೊಂಡು, ಭಾಷೆಯ ತೊಡಕನ್ನು ಬದಿಗೆ ಸರಿಸಿ ಮುಂದೆ ಹೋಗಬಹುದು. ಅಲ್ಲಿ ಯುಕ್ತಿಗೆ ಗೆಲವು ದೊರೆಯುತ್ತದೆ, ಪ್ರತ್ಯಯಕ್ಕೆ ದೊರೆಯುವುದಿಲ್ಲ. 1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಎಂಬ ಪರೀಕ್ಷಕರು ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಕಾರ್ಯರೂಪದ ಪರೀಕ್ಷೆಗಳಲ್ಲಿ ಯೋಜನೆಯ ಮಕ್ಕಳು ಮೇಲಾದರೂ, ರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳೇ ಒಟ್ಟಿನಲ್ಲಿ ಮೇಲಾದುದು ಈ ಸಂಶಯಕ್ಕೆ ಪೋಷಕವಾಗಿದೆ. ಯಾವುದನ್ನು ಬಿತ್ತಿದರೋ ಅದನ್ನೇ ಬೆಳೆದರು. ಗಂಟು ರೈಲುಗಾಡಿಯಲ್ಲಿರದೆ ವಾಕ್ಯದಲ್ಲಿಯೇ ಇದ್ದರೆ, ಯುಕ್ತಿಯೂ ರೂಪವೂ ಒಟ್ಟಿಗೆ ಕೆಲಸ ಮಾಡಬೇಕಾಗುವುದು. ದಂಡಿಯ ಕ್ರಮದ ಹೆಚ್ಚಳವು ಇಲ್ಲಿಯೇ ಇದೆ.

ಇಂದು ತರಗತಿಗಳಲ್ಲಿ ಕಾಣುವ ಆಟಗಳಾದರೋ ಈ ವಿಚಾರದ ಸಮೀಪಕ್ಕೂ ಬಾರವು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾಗಿ, 2009ರ ಶಾಲಾವರ್ಷದಿಂದ ರಾಜ್ಯದಲ್ಲೆಲ್ಲ ಹರಡಿದ ನಲಿ–ಕಲಿಯು ಹಾಡು, ಚಿತ್ರ, ಚೀಟಿಗಳಿಂದ ಮಕ್ಕಳ ಭಯವನ್ನು ಕಳೆಯಿತೆಂಬುದು ನಿಜ. ಅದನ್ನು ಹಳಿಯುವುದು ನ್ಯಾಯವಲ್ಲ. ದೋಷವಿರುವುದು ಪರಭಾಷಾಪಾಠದ ಹೆಸರಿನಲ್ಲಿ ಹೊರಗಿನಿಂದ ಎತ್ತಿ ತಂದ ಆಟಗಳಲ್ಲಿ. ಗುರುವು ಆಜ್ಞೆ ಮಾಡಿದಂತೆ ಮಕ್ಕಳು ಕೈಯೆತ್ತುವ, ಮೂಗು ಮುಟ್ಟುವ ಆಟವೊಂದುಂಟು. ಮುಂದಿನ ಸಾಲಿನ ಇಬ್ಬರಿಗೆ ಇಂಗ್ಲಿಷು ತಿಳಿದಿದ್ದರೆ ಸಾಕು, ಉಳಿದವರೆಲ್ಲ ಅವರನ್ನು ನೋಡಿ ಮೂಗು ಮುಟ್ಟುವರು. ಕಿವಿಗಳನ್ನು ಮುಚ್ಚಿಕೊಂಡು ಆಡಿದರೂ ಗೆಲ್ಲಬಹುದಾದ ಆಟವು ಭಾಷಾಕ್ರೀಡೆಯಾಗದು. ಬೇರೆ ಪರೀಕ್ಷೆಯೇನೂ ಬೇಕಿಲ್ಲ. ಉಪಾಧ್ಯಾಯನು ಈ ಒಂದು ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡರೆ ಸಾಕು.

ನಮ್ಮದೇ ಆದ ಅಂತ್ಯಾಕ್ಷರಿಯನ್ನು ಇಂಗ್ಲಿಷಿಗೆ ಒಗ್ಗಿಸಿರುವ ರೀತಿಯೂ ಹೀಗೆಯೇ ವಿಪರೀತವಾಗಿದೆ. ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಅಕ್ಷರವೆಂದರೆ ಉಚ್ಚಾರಣೆಯ ಘಟಕ. ಬಾಯಲ್ಲಿ ಕೊನೆಗೆ ನಿಂತ ಧ್ವನಿಯೇ ಮುಂದಿನವನಿಗೆ ಮೊದಲಾಗುವುದು. ವಿಸರ್ಗವೂ ಅಂತ್ಯದ ಮಕಾರವೂ ಬಂದಾಗ ಅವುಗಳನ್ನು ಬಿಟ್ಟು ಹಿಂದಿನ ವ್ಯಂಜನವನ್ನು ಹಿಡಿಯುವ ಸಂಕೇತವು ಪಾಠಶಾಲೆಗಳಲ್ಲಿ ಪ್ರಸಿದ್ಧ. ಇಂಗ್ಲಿಷಿನಲ್ಲಿ ಲಿಪಿಗೂ ಧ್ವನಿಗೂ ನೇರವಾದ ಸಂಬಂಧವಿಲ್ಲ. ‘ನೈಫ್’ ಎಂಬ ಶಬ್ದವು ಕಿವಿಗೆ ಫಕಾರದಲ್ಲಿ ಮುಗಿಯುವುದು, ಬರಹದಲ್ಲಿ ‘ಇ’ ಎಂಬ ಲಿಪಿಯಲ್ಲಿ ಮುಗಿಯುವುದು. ಮೊದಲಿಗೆ ಬರೆಯುವ ‘ಕೆ’ ಬಾಯಿಗೆ ಬರುವುದೇ ಇಲ್ಲ. ‘ಹೌಸ್’, ‘ಟೇಬಲ್’ ಎಂಬವೂ ‘ಇ’ ಲಿಪಿಯಲ್ಲಿಯೇ ಮುಗಿಯುವುದರಿಂದ, ಎಂಥ ತರಗತಿಯಲ್ಲಿಯೂ ಆಟವು ನಾಲ್ಕು ಸುತ್ತಿನೊಳಗೆ ‘ಎಲಿಫಂಟ್’ ಎಂಬ ಆನೆಯ ಕಾಲಡಿಗೆ ಬಂದು ನಿಲ್ಲುತ್ತದೆ. ಹುಡುಗನು ಆ ಭಾಷೆಯ ಧ್ವನಿಯನ್ನು ಮರೆತು ಲಿಪಿಯ ಹೆಸರುಗಳನ್ನು ಜಪಿಸುವುದೇ ಇದರ ಫಲ. ಕಂಠಸ್ಥವಾದ ಶ್ಲೋಕಗಳ ಭಂಡಾರವಿಲ್ಲದೆ ಅಂತ್ಯಾಕ್ಷರಿಯು ಸಂಸ್ಕೃತದಲ್ಲಿಯೂ ನಡೆಯಲಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅದು ಇದ್ದುದನ್ನು ಎಣಿಸಿ ತೋರಿಸುವ ಆಟ, ಇಲ್ಲದುದನ್ನು ತಂದುಕೊಡುವುದಲ್ಲ. ಅದರಲ್ಲಿ ಗೆದ್ದವನಿಗೆ ತಾನು ಹೇಳಿದ ಶ್ಲೋಕದ ಅರ್ಥವು ಗೊತ್ತಿರಬೇಕೆಂಬ ನಿಯಮವೂ ಇಲ್ಲ.

ಹಾಗಾದರೆ ವಾಕ್ಯದೊಳಗೆ ಗಂಟಿರುವ ಆಟವು ಎಂಥದು? ಸವಣೂರಿನಲ್ಲಿ ಉರ್ದು ಮನೆಮಾತಾದ ಮಗುವು ಕನ್ನಡವನ್ನು ಕಲಿಯುವುದೆಂದು ಭಾವಿಸೋಣ. ‘ಅವನೂರಿಗೆ ಹೋದನು’ ಎಂಬ ವಾಕ್ಯವನ್ನು ಕೊಟ್ಟು, ಹೋದವನು ಯಾರು, ಯಾರ ಊರಿಗೆ ಎಂದು ಕೇಳಬೇಕು. ‘ಅವನು ಊರಿಗೆ’ ಎಂದೂ ಬಿಡಿಸಬಹುದು, ‘ಅವನ ಊರಿಗೆ’ ಎಂದೂ ಬಿಡಿಸಬಹುದು. ಲೋಪಸಂಧಿಯು ಎರಡನ್ನೂ ಒಂದೇ ಮಾಡಿದೆ. ಅನಂತರ ‘ಅವನೂರಿಗೆ ಹೋದಳು’ ಎಂದು ಒಂದೇ ಪ್ರತ್ಯಯವನ್ನು ಬದಲಿಸಿದರೆ ಸಂದೇಹವೆಲ್ಲ ಹರಿದುಹೋಗುವುದು. ಲೋಪಸಂಧಿಯ ಸೂತ್ರವೂ ಆಖ್ಯಾತಪ್ರತ್ಯಯದ ಲಿಂಗವೂ ಇಲ್ಲಿ ಗೆಲವಿನ ಸಾಧನಗಳೇ ಆಗಿವೆ. ಹಾನಗಲ್ಲಿನ ಕನ್ನಡದ ಮಗುವಿಗೆ ಹಿಂದಿಯಲ್ಲಿ ಜಡವಸ್ತುಗಳಿಗೂ ಸ್ತ್ರೀಪುಂಭೇದವಿರುವುದು ದೊಡ್ಡ ತೊಡಕು. ಮೇಜಿನ ಮೇಲೆ ಒಂದು ಪುಸ್ತಕವನ್ನೂ ಒಂದು ಕಾಗದವನ್ನೂ ಇಟ್ಟು, ಹೆಸರು ಹೇಳದೆ ‘ಅಚ್ಛೀ ಹೈ’ ಎಂದರೆ ‘ಕಿತಾಬ್’ ಅನ್ನು ಎತ್ತಬೇಕು, ‘ಅಚ್ಛಾ ಹೈ’ ಎಂದರೆ ‘ಕಾಗಜ್’ ಅನ್ನು ಎತ್ತಬೇಕು. ಒಂದು ಸ್ವರವನ್ನು ಕೇಳದವನು ಸೋಲುವನು. ಪಕ್ಕದವನನ್ನು ನೋಡಿ ಗೆಲ್ಲಬಾರದೆಂದಾದರೆ ಒಬ್ಬೊಬ್ಬರನ್ನೇ ಕರೆಯಬೇಕಷ್ಟೆ. ಇಂಗ್ಲಿಷಿನಲ್ಲಿ ‘ಐಸ್ ಕ್ರೀಮ್’ ಎಂಬ ತಿನಿಸೂ ‘ಐ ಸ್ಕ್ರೀಮ್’ ಎಂಬ ಕಿರಿಚಾಟವೂ ಕಿವಿಗೆ ಬಹುಮಟ್ಟಿಗೆ ಒಂದೇ ಆಗಿ ಬೀಳುವುದು ಸಮಾಗತೆಗೆ ಸರಿಯಾದ ಉದಾಹರಣೆ. ಸಾತವಾಹನನ ಮೋದಕವು ಅಲ್ಲಿ ಬೇರೊಂದು ಸಿಹಿಯಾಗಿ ಕಾಣಿಸಿಕೊಂಡಿದೆ. ಇವುಗಳಿಗೆ ಹಣವೂ ಬೇಡ, ಚಿತ್ರಪಟವೂ ಬೇಡ. ಬೇಕಾದುದು ಎರಡು ಭಾಷೆಗಳ ವ್ಯಾಕರಣವನ್ನೂ ಬಲ್ಲ ಉಪಾಧ್ಯಾಯನು. ಆಟದ ಪುಸ್ತಕಗಳನ್ನು ಹಂಚುವವರು ಈ ಅಗತ್ಯವನ್ನು ಹೇಳದೆ ಬಿಡುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಥವನನ್ನು ಸಿದ್ಧಪಡಿಸುವುದು ಪುಸ್ತಕವನ್ನು ಹಂಚುವುದಕ್ಕಿಂತ ಕಷ್ಟವಾದುದು.

ಇನ್ನೊಂದು ಅಂಶವು ಉಳಿದಿದೆ, ಅದನ್ನು ಎರಡು ಪಕ್ಷದವರೂ ವಿಚಾರಿಸಿಲ್ಲ. ಆಟದಲ್ಲಿ ಒಬ್ಬನು ಸೋಲಲೇಬೇಕು. ಸಾತವಾಹನನು ಸೋತಾಗ ಅವನಿಗೆ ಪಂಡಿತರಿದ್ದರು, ರಾಜ್ಯವಿತ್ತು, ಆರು ತಿಂಗಳ ಅವಕಾಶವಿತ್ತು. ಹಿರೇಕೆರೂರಿನ ಒಕ್ಕಲಿನ ಮನೆಯಿಂದ ಬಂದ ಹುಡುಗಿಯು ಇಂಗ್ಲಿಷಿನ ಆಟದಲ್ಲಿ ಸೋತು ತರಗತಿಯೆಲ್ಲ ನಕ್ಕರೆ, ಅವಳು ಮಾಡಬಲ್ಲುದು ಒಂದೇ: ಮುಂದೆ ಬಾಯಿ ತೆರೆಯದೆ ಇರುವುದು. ಬೆತ್ತಕ್ಕೆ ಹೆದರಿ ರೂಪಾವಳಿಯನ್ನು ಒಪ್ಪಿಸುತ್ತಿದ್ದ ಬಾಲಕನ ಸ್ಥಿತಿಗಿಂತ ಇದು ಮೇಲೆಂದು ಹೇಳಲಾಗದು. ಗುಂಪಿನ ಪಾಠದಲ್ಲಿ ತಪ್ಪು ಗುಂಪಿನೊಳಗೆ ಅಡಗುತ್ತಿತ್ತು. ಆಟದಲ್ಲಿ ಅದು ಎಲ್ಲರ ಕಣ್ಣಿಗೂ ಬೀಳುವುದು. ಪ್ರಭು ಅವರ ಕ್ರಮದಲ್ಲಿ ಗುರುವು ಮೊದಲು ಎಲ್ಲರೊಡನೆ ಕೂಡಿ ಒಂದು ಸಮಸ್ಯೆಯನ್ನು ಬಿಡಿಸುವುದರ ಔಚಿತ್ಯವು ಇಲ್ಲಿ ಮನವರಿಕೆಯಾಗುವುದು. ಅದಕ್ಕಿಂತಲೂ ಹದವಾದ ಪದ್ಧತಿಯೊಂದು ಈ ಸೀಮೆಯ ಮದುವೆಮನೆಗಳಲ್ಲಿಯೇ ಇದೆ. ಗಂಡನ ಹೆಸರನ್ನು ಪ್ರಾಸಗೂಡಿದ ಮಾತಿನಲ್ಲಿ ಹೊಂದಿಸಿ ಹೇಳುವ ಒಡಪಿನ ಆಟದಲ್ಲಿ, ಹೆಸರು ಹೇಳದೆ ಒಳಗೆ ಹೋಗಗೊಡುವುದಿಲ್ಲವೆಂದು ಹೆಂಗಳೆಯರು ಬಾಗಿಲನ್ನು ತಡೆಯುವರು. ನಿಯಮವು ಕಟ್ಟುನಿಟ್ಟಾದುದು, ಪ್ರಾಸ ತಪ್ಪಿದರೆ ನಗೆಯೂ ತಪ್ಪದು. ಆದರೆ ಹೊಸ ಮದುವಣಗಿತ್ತಿಯು ಬಾಯಿಕಟ್ಟಿ ನಿಂತಾಗ ಹಿಂದೆ ನಿಂತ ಅತ್ತಿಗೆಯೋ ಚಿಗವ್ವನೋ ಅವಳ ಕಿವಿಯಲ್ಲಿ ಮೊದಲ ಸಾಲನ್ನು ಮೆಲ್ಲನೆ ಉಸುರುವುದುಂಟು. ಬಾಗಿಲನ್ನು ತಡೆದವರಿಗೆ ಅದು ಕೇಳಿಸಿದರೂ ಕೇಳಿಸದಂತೆ ಇರುವರು. ಎರಡನೆಯ ಸಾಲನ್ನೂ ಹೆಸರನ್ನೂ ಅವಳೇ ಕೂಡಿಸಿ ಹೇಳಬೇಕು.